ಅವರು ಗೋದಾಮು ಎಂದ ಮನೆ

ಗೋಕಾಕದಲ್ಲಿ ಕರದಂಟು ಮಾಡುವ ಅಂಗಡಿಯೊಂದರ ಮೇಲೆ ನನ್ನ ಆಫೀಸು. ಬೆಳಿಗ್ಗೆ ಹತ್ತಕ್ಕೆಲ್ಲ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಮೇಲೇರಿ ಬಂದು ನನ್ನ ನಕಾಶೆಗಳಲ್ಲಿ ಕೂತುಬಿಡುತ್ತದೆ. ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿ ಮೂರು ವರ್ಷವಾಗಿದ್ದರೂ ಆವರೆಗೆ ಯಾರೂ ನನ್ನಿಂದ ಇಡೀ ಮನೆಯೊಂದನ್ನು ಕೇಳಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ‘ಎಲಿವೇಶನ್’. ಒಳಗೆ ಎಷ್ಟು ಕೋಣೆ, ಎಲ್ಲಿ ಬಾಗಿಲು ಎಂಬುದನ್ನೆಲ್ಲ ಗುತ್ತಿಗೆದಾರ ಮೊದಲೇ ತೀರ್ಮಾನಿಸಿರುತ್ತಿದ್ದ. ರಸ್ತೆಗೆ ಕಾಣುವ ಮುಖವನ್ನಷ್ಟೇ ನಾನು ಕಂಪ್ಯೂಟರಿನಲ್ಲಿ ಬಿಡಿಸಿ ಬಣ್ಣ ತುಂಬಿ ಕೊಡಬೇಕು. ದುಂಡು ಕಂಬ, ಕಮಾನು, ನೀಲಿ ಗಾಜು, ಫಳಫಳ ಹೊಳೆಯುವ ಸ್ಟೀಲಿನ ಕಂಬಿ. ಬಿಡಿಸಿದ ಹಾಗೆಯೇ ಕಟ್ಟಿಸುತ್ತಿದ್ದರು. ಆ ಮನೆಗಳ ಮುಂದೆ ಸ್ಕೂಟಿಯಲ್ಲಿ ಹಾಯುವಾಗ ನಾನು ಅತ್ತ ತಿರುಗಿ ನೋಡುತ್ತಿರಲಿಲ್ಲ.

ಮೂಡಲಗಿಯ ಆ ಗಂಡ ಹೆಂಡತಿ ಬಂದ ದಿನವೂ ನಾನು ಯಾರದೋ ಮನೆಯ ಮುಂಭಾಗಕ್ಕೆ ಆರನೆಯ ಕಂಬ ಬಿಡಿಸುತ್ತಿದ್ದೆ. ಆತ ದನದ ದವಾಖಾನೆಯಲ್ಲಿ ನೌಕರಿಯಲ್ಲಿದ್ದ. ಆಕೆ ಘಟಪ್ರಭಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಆಕೆಯ ಬಗಲಲ್ಲಿ ಎಂಟು ತಿಂಗಳ ಗಂಡು ಕೂಸು, ಆತನ ಬೆರಳು ಹಿಡಿದುಕೊಂಡು ನಾಲ್ಕು ವರ್ಷದ ಮಗಳು. ಗಂಡ ಹೆಂಡತಿ ಇಬ್ಬರೂ ನನಗಿಂತ ಎರಡು ಮೂರು ವರ್ಷ ಚಿಕ್ಕವರಿರಬೇಕು. ಪರದೆಯ ಮೇಲಿದ್ದ ಕಂಬಗಳನ್ನು ಆಕೆ ಒಂದು ಗಳಿಗೆ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

“ಅಕ್ಕಾರ, ನಮಗ ಎಲಿವೇಶನ್ ಬ್ಯಾಡ್ರಿ. ನಾ ಒಳಗಿಂದಷ್ಟ ಹೇಳ್ತೇನಿ, ನೀವು ಬರಕೊಳ್ರಿ.”

ನಾನು ಪೆನ್ನು ತೆಗೆದುಕೊಂಡೆ.

“ಡ್ಯೂಟಿ ಮುಗಿಸಿ ಮನಿಗೆ ಬಂದ್ರ ಒರಸೂ ಸಾಮಾನ ಏನೂ ಇರಬಾರದ್ರಿ. ಒಲಿ ಮುಂದ ನಿಂತ್ರೂ ಹುಡುಗ್ರು ನನ್ನ ಕಣ್ಣಿಗೆ ಕಾಣಬೇಕು. ಬೆಳಕ ಇರಬೇಕು, ಗಾಳಿ ಆಡಬೇಕು. ಮನಿ ಖಾಲಿ ಇದ್ರೂ ಅಡ್ಡಿಯಿಲ್ಲ. ಖರೆ, ಬಣಬಣ ಅನ್ನಬಾರದು.”

ಖಾಲಿ ಇರಬೇಕು, ಬಣಬಣ ಅನ್ನಬಾರದು. ಬೆಳಗಾವಿಯ ಕಾಲೇಜಿನಲ್ಲಿ ಐದು ವರ್ಷ ಓದಿ, ಹುಬ್ಬಳ್ಳಿಯ ಆಫೀಸೊಂದರಲ್ಲಿ ಐದು ವರ್ಷ ದುಡಿದು ಬಂದ ನನಗೆ ಮನೆಯ ವಿಷಯದಲ್ಲಿ ಇಷ್ಟು ಚೊಕ್ಕ ಮಾತನ್ನು ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಮಗಳು ಕೆಮ್ಮತೊಡಗಿದಳು. ಸಣ್ಣ ಎದೆ ಸೀಟಿ ಹೊಡೆದಂತೆ ಸುಂಯ್ ಎನ್ನುತ್ತಿತ್ತು. ತಾಯಿ ಬ್ಯಾಗಿನಿಂದ ಇನ್ಹೇಲರಿನ ಪಂಪು ತೆಗೆದು ಬಾಯಿಗಿಟ್ಟು ಎರಡು ಸಲ ಒತ್ತಿದಳು. “ದಮ್ಮ ಐತ್ರಿ. ಹವಾ ಬದಲಾದ್ರ ಸಾಕು, ಧೂಳ ಹಾರಿದ್ರ ಸಾಕು,” ಎಂದಳು. ನನ್ನ ಕೋಣೆಯ ಕಪಾಟಿನ ಮೇಲಿನ ಧೂಳು ನನಗೆ ಆಗ ಕಂಡಿತು.

ಮರುವಾರ ಅವರ ಬಾಡಿಗೆ ಮನೆಗೆ ಹೋದೆ. ಮನೆ ಸಣ್ಣದಲ್ಲ, ಆದರೆ ಕಾಲಿಡಲು ಜಾಗವಿರಲಿಲ್ಲ. ಗೋಡೆಗಲದ ಶೋಕೇಸು, ಅದರ ತುಂಬ ಮದುವೆಯಲ್ಲಿ ಬಂದ ಬೊಂಬೆ, ಗಡಿಯಾರ, ಪ್ಲಾಸ್ಟಿಕ್ ಹೂವು. ಮಾಲೀಕರು ಹಾಕಿಸಿದ ಪಿಒಪಿ ಛತ್ತಿನ ಅಂಚಿನಲ್ಲಿ ಬಣ್ಣದ ದೀಪ, ಆ ಅಂಚಿನ ಮೇಲೆ ವರ್ಷಗಳ ಧೂಳು. ರಜೆಯ ದಿನವೆಲ್ಲ ಒರೆಸುವುದರಲ್ಲೇ ಹೋಗುತ್ತದೆ ಎಂದಳು ಆಕೆ. ಚಹಾ ಕುಡಿಯುತ್ತ ನಾನು ಒಂದು ಸಂಗತಿ ಗಮನಿಸಿದೆ. ಸೋಫಾ ಇದ್ದರೂ ಮನೆಯವರು ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಹಿತ್ತಲ ಬಾಗಿಲಿನ ಕಲ್ಲು ಮೆಟ್ಟಿಲ ಮೇಲೆ ಆತ ಕೂತಿದ್ದ. ಮಗಳು ಅವನ ಬೆನ್ನಿಗೆ ಜೋತುಬಿದ್ದಿದ್ದಳು. ಆಕೆ ಹೊಸ್ತಿಲಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಅಷ್ಟು ದೊಡ್ಡ ಮನೆಯಲ್ಲಿ ಬೆಳಕು, ಗಾಳಿ ಎರಡೂ ಇದ್ದದ್ದು ಆ ಮೂರಡಿ ಜಾಗದಲ್ಲಿ ಮಾತ್ರ. ಟೇಪು ತೆಗೆದು ಆ ಮೆಟ್ಟಿಲನ್ನು ಅಳೆದೆ. ಆತ ನಕ್ಕ. “ಮೇಡಮ್ಮಾರ, ಮೆಟ್ಟಲಾ ಯಾಕ ಅಳ್ಯಾಕತ್ತೀರಿ?”

“ಇದರಿಂದನ ಚಾಲೂ ಮಾಡೂನ್ರಿ,” ಎಂದೆ.

ನಕಾಶೆ ಮಾಡಲು ಎರಡು ತಿಂಗಳು ಹಿಡಿಯಿತು. ಜಾಗ ಮೂಡಲಗಿಯ ಹೊರಗೆ, ನಾಗನೂರ ಕಡೆಗೆ ಹೋಗುವ ದಾರಿಯಲ್ಲಿ. ಮುಂದೆ ಪೂರ್ವಕ್ಕೆ ರಸ್ತೆ, ಹಿಂದೆ ಪಶ್ಚಿಮಕ್ಕೆ ಒಂದು ಹಳೆಯ ಬೇವಿನ ಮರ, ಅದರಾಚೆ ಕಬ್ಬಿನ ಹೊಲ. ಉದ್ದಕ್ಕೆ ಒಂದೇ ದೊಡ್ಡ ಪಡಸಾಲೆ. ಅದರ ಒಂದು ಬದಿಗೆ ಗೋಡೆಯಿಲ್ಲದ ಅಡುಗೆಮನೆ. ಇನ್ನೊಂದು ಬದಿಗೆ ಮಲಗುವ ಎರಡು ಸಣ್ಣ ಕೋಣೆ. ಗೋಡೆಗಳನ್ನು ದಪ್ಪ ಮಾಡಿ, ಹಾಸಿಗೆ, ಪಾತ್ರೆ, ಬಟ್ಟೆ, ಮಕ್ಕಳ ಪುಸ್ತಕ ಎಲ್ಲವೂ ಗೋಡೆಯೊಳಗೇ ಸೇರಿ ಬಾಗಿಲು ಮುಚ್ಚುವಂತೆ ಮಾಡಿದೆ. ಹಳೆಯ ಮಾಳಿಗೆ ಮನೆಗಳಲ್ಲಿ ಇರುತ್ತಿದ್ದಂಥ ಬೆಳಕಿಂಡಿಯೊಂದು ಪಡಸಾಲೆಯ ನಡುವೆ, ನೆತ್ತಿಯ ಮೇಲೆ. ನೆಲಕ್ಕೆ ಫರ್ಸಿ ಕಲ್ಲು. ಒಳಗೋಡೆಗೆ ಸುಣ್ಣದ ಗಾರೆ, ಅದಕ್ಕೆ ಜೋಳದ ಹಿಟ್ಟಿನಂಥ ಬಣ್ಣ. ಮುಂಭಾಗದಲ್ಲಿ ಕಂಬವಿಲ್ಲ, ಕಮಾನಿಲ್ಲ. ಒಂದು ಬಾಗಿಲು, ಒಂದು ಕಿಟಕಿ, ಮಳೆ ತಡೆಯುವ ಅಗಲವಾದ ಸೂರು, ಅದರ ಕೆಳಗೆ ಕೂರಲು ಒಂದು ಕಟ್ಟೆ.

ಗಂಡ ಹೆಂಡತಿಗೆ ಮೆಚ್ಚುಗೆಯಾಯಿತು. ಆದರೆ ಜಾಗ ಆತನ ತಂದೆಯ ಹೆಸರಿನಲ್ಲಿತ್ತು. ಅವರು ಒಪ್ಪದೆ ಒಂದು ಇಟ್ಟಿಗೆಯೂ ಏಳುವಂತಿರಲಿಲ್ಲ.

ಅವರು ಕುರಿ ಕಾಯುವವರು. ಎಪ್ಪತ್ತು ದಾಟಿದ್ದರೂ ಹಿಂಡಿನ ಹಿಂದೆ ದಿನಕ್ಕೆ ಹತ್ತು ಮೈಲಿ ನಡೆಯುತ್ತಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮಾತು ಕಡಿಮೆ. ನಾನು ಕಾಗದ ಬಿಚ್ಚಿ ಹಾಸಿದೆ. ಮುಂಭಾಗದ ಚಿತ್ರದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು.

“ತಂಗಿ, ಇದು ಮನ್ಯೋ ಗೋದಾಮೋ?”

ಅಲ್ಲಿದ್ದ ಒಬ್ಬಿಬ್ಬರು ಸಂಬಂಧಿಕರು ಕಿಸಕ್ಕನೆ ನಕ್ಕರು.

“ಮನೀನ ರೀ ಕಾಕಾ.”

“ನಾ ಹುಟ್ಟಿದಾಗಿಂದ ಬಯಲಾಗ ಮಲಗೇನಿ. ನನ್ನ ಮಗಾ ಕಲತಾನ, ಸೊಸಿ ಕಲತಾಳ. ಅವರ ಮನಿ ಮುಂದ ಹಾದಿಗೆ ಹೋಗೂ ಮಂದಿ ನಿಂತ ನೋಡಬೇಕು. ಇದನ್ನ ನೋಡಿದ್ರ ಗೊಬ್ಬರದ ಚೀಲಾ ಇಳಸಾಕ ಟ್ರ್ಯಾಕ್ಟರ್ ತಂದ ನಿಲ್ಲಸ್ತಾರ.”

ಅವರು ಚೇಷ್ಟೆಗೆ ಹೇಳಿರಲಿಲ್ಲ. ಆ ಮಾತಿನ ಹಿಂದೆ ಇದ್ದ ಆಸೆ ನನಗೆ ಅರ್ಥವಾಯಿತು. ಕಾಗದ ಸುತ್ತಿಕೊಂಡು ಎದ್ದೆ. ನಾಲ್ಕು ಕಂಬ ಸೇರಿಸಿ ಕೊಟ್ಟುಬಿಡೋಣ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಆ ದಿನ ಗೋಕಾಕಕ್ಕೆ ಹಿಂತಿರುಗದೆ ನಾಗನೂರಿಗೆ, ನನ್ನ ತವರಿಗೆ ಹೋದೆ. ಊರ ಅಂಚಿನ ಓಣಿಯಲ್ಲಿ ನಮ್ಮ ಮನೆ. ಒಳಗೆ ಕಾಲಿಟ್ಟರೆ ಎದುರಿಗೇ ಬುದ್ಧನ ಫೋಟೊ. ಅಜ್ಜ ಅಜ್ಜಿ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಅಪ್ಪ ಗೌಂಡಿ ಕೆಲಸ ಕಲಿತ; ಗೋಡೆ ಕಟ್ಟುವುದು, ಅದಕ್ಕೆ ಗಿಲಾವು ಬಳಿಯುವುದು. ಸುತ್ತ ಹತ್ತು ಹಳ್ಳಿಗಳಲ್ಲಿ ಅವನು ಕಟ್ಟಿದ ಮನೆಗಳಿವೆ. ಭುಜದ ನೋವು ಹೆಚ್ಚಾಗಿ ಮೂರು ವರ್ಷದಿಂದ ಕೆಲಸ ಬಿಟ್ಟಿದ್ದ. ನಾನು ಆದದ್ದನ್ನೆಲ್ಲ ಹೇಳಿದೆ. ಅಪ್ಪ ನಕಾಶೆಯನ್ನು ಉಲ್ಟಾ ಹಿಡಿದು, ಮತ್ತೆ ಸರಿಯಾಗಿ ಹಿಡಿದು ನೋಡಿದ.

“ಕಾಗದದ ಮ್ಯಾಲೆ ಮನಿ ಯಾರಿಗೆ ತಿಳೀತೈತಿ ಯವ್ವಾ? ನಲವತ್ತ ವರ್ಸ ಗ್ವಾಡಿ ಕಟ್ಟಿದಾವ ನಾನ, ನನಗ ತಿಳೀವಲ್ದು. ನೆಲದ ಮ್ಯಾಲೆ ಬರಿ. ಅವರು ಒಳಗ ಅಡ್ಡಾಡ್ಲಿ.”

ಮುಂದಿನ ಭಾನುವಾರ ಬೆಳಿಗ್ಗೆ ಅಪ್ಪನೂ ನಾನೂ ಒಂದು ಚೀಲ ಸುಣ್ಣದ ಪುಡಿ, ಗೂಟ, ದಾರ ತೆಗೆದುಕೊಂಡು ಆ ಜಾಗಕ್ಕೆ ಹೋದೆವು. ಮೂಲೆ ಮೂಲೆಗೆ ಗೂಟ ಹೊಡೆದು ದಾರ ಕಟ್ಟಿ, ದಾರದ ಗುಂಟ ಸುಣ್ಣ ಸುರಿದೆವು. ಗೋಡೆಗೆ ದಪ್ಪ ಗೆರೆ, ಬಾಗಿಲಿಗೆ ಖಾಲಿ ಜಾಗ, ಕಿಟಕಿಗೆ ಎರಡು ಸಣ್ಣ ಗೆರೆ. ಮಧ್ಯಾಹ್ನದ ಹೊತ್ತಿಗೆ ಕರಿಮಣ್ಣಿನ ಮೇಲೆ ಬಿಳಿ ಮನೆಯೊಂದು ಮಲಗಿತ್ತು. ನಾನು ಕರೆದಿದ್ದಂತೆ ಮೂಡಲಗಿಯ ಇಡೀ ಕುಟುಂಬ ಬುತ್ತಿ ಕಟ್ಟಿಕೊಂಡು ಬಂತು. ನಾನು ಹೇಳಿದ್ದು ಇಷ್ಟೇ: ಸಂಜೆಯವರೆಗೆ ಇದೇ ನಿಮ್ಮ ಮನೆ, ಇಲ್ಲೇ ಇರಿ.

ಮೊದಲು ಎಲ್ಲರಿಗೂ ನಾಚಿಕೆ. ಆದರೆ ಮಗುವಿಗೆ ನಾಚಿಕೆ ಎಲ್ಲಿ? ಅವಳು ಹತ್ತು ನಿಮಿಷದಲ್ಲಿ ಮನೆಯ ಒಡತಿಯಾದಳು. ಅವಳ ಅಜ್ಜ ಹಿಂಡನ್ನು ಕಬ್ಬಿನ ಹೊಲದ ಆಚೆ ಬಿಟ್ಟು ಬಂದು, ಸುಣ್ಣದ ಗೆರೆಯನ್ನು ಲೆಕ್ಕಿಸದೆ ದಾಟಿ ಒಳಗೆ ಕಾಲಿಟ್ಟರು.

“ಮುತ್ಯಾ! ಗ್ವಾಡಿ ಐತಿ ಅಲ್ಲೆ! ಬಾಗಲದಾಗಿಂದ ಬಾ!” ಎಂದು ಅವಳು ಕಿರುಚಿದಳು.

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಗಂಭೀರವಾಗಿ ಹಿಂದಕ್ಕೆ ಹೋದರು, ಸುತ್ತು ಹಾಕಿ ಬಂದು ಬಾಗಿಲಿನ ಜಾಗದಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಆ ಕ್ಷಣದಲ್ಲೇ ನನಗೆ ಧೈರ್ಯ ಬಂದದ್ದು. ಇಲ್ಲದ ಬಾಗಿಲಿಗೆ ಚಪ್ಪಲಿ ಬಿಟ್ಟವರು ಇಲ್ಲದ ಗೋಡೆಯನ್ನೂ ನೋಡಬಲ್ಲರು.

ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕೂತು ಜೋಳದ ರೊಟ್ಟಿ, ಬದನೆಯ ಎಣಗಾಯಿ, ಮೊಸರು ಉಂಡೆವು. ನರ್ಸ್ ಎದ್ದು ಅಡುಗೆಮನೆಯ ಗೆರೆಯೊಳಗೆ ನಿಂತು, ಒಲೆಯ ಕಡೆ ಮುಖ ಮಾಡಿ, ಕುತ್ತಿಗೆ ತಿರುಗಿಸಿ ಮಕ್ಕಳನ್ನು ನೋಡಿದಳು. ಎರಡು ಸಲ ಹಾಗೆ ಮಾಡಿದಳು. “ಕಾಣತಾರ,” ಎಂದಳು, ತನಗೆ ತಾನೇ ಎಂಬಂತೆ.

ಊಟವಾದ ಮೇಲೆ ಅಜ್ಜ ಪಡಸಾಲೆಯ ಪಶ್ಚಿಮದ ತುದಿಗೆ ಹೋಗಿ, ಕಂಬಳಿ ಹಾಸಿ ಮಲಗಿದರು. ನಿದ್ದೆ ಮಾಡುತ್ತಾರೆ ಎಂದುಕೊಂಡೆವು. ಇಳಿಹೊತ್ತಿಗೆ ಎದ್ದು ಕೂತು ನನ್ನನ್ನು ಕರೆದರು.

“ತಂಗಿ, ಇಲ್ಲೆ ಕಿಡಕಿ ಇಲ್ಲೇನ?”

“ಇಲ್ರಿ ಕಾಕಾ. ಪಡುವಲ ದಿಕ್ಕು, ಬಿಸಲ ಹೊಡೀತೈತಿ ಅಂತ ಗ್ವಾಡಿ ಮುಚ್ಚೇನಿ.”

“ಬಿಸಲ ಬ್ಯಾವಿನ ಮರಾ ತಡೀತೈತಿ. ಈ ನೆಲದಾಗ ಇಪ್ಪತ್ತ ವರ್ಸ ಹಿಂಡು ತರುಬೀನಿ ನಾ. ಸಂಜಿ ಮುಂದ ಕುರಿ ಎಲ್ಲಾ ಈ ಕಡೆನ ಮಾರಿ ಮಾಡಿ ನಿಲ್ತಿದ್ವು. ಇಲ್ಲೆ ನೆಲಕ್ಕ ಹತ್ತಿ ಗಾಳಿ ಬರತೈತಿ. ನಿಂತವರಿಗೆ ಗೊತ್ತಾಗಾಂಗಿಲ್ಲ, ಮಲಗಿದವರಿಗೆ ಗೊತ್ತಾಗತೈತಿ. ಮಲಗಿ ನೋಡು.”

ನಾನು ಮಲಗಿ ನೋಡಿದೆ. ಕಬ್ಬಿನ ಹೊಲ ಹಾದು ತಂಪಾಗಿ ಬಂದ ಗಾಳಿ ಕಿವಿಯನ್ನು ಸವರಿಕೊಂಡು ಹೋಯಿತು. ಎದ್ದು ನಿಂತರೆ ಅಷ್ಟಿಲ್ಲ. ಐದು ವರ್ಷದ ಓದಿನಲ್ಲಿ ನಾನು ಗಾಳಿಯ ದಿಕ್ಕನ್ನು ಪುಸ್ತಕದ ಬಾಣಗಳಲ್ಲಿ ನೋಡಿದ್ದೆ, ನೆಲದ ಮೇಲೆ ಬೆನ್ನು ಚಾಚಿ ನೋಡಿರಲಿಲ್ಲ. ಅಲ್ಲೇ ಕೈಯಿಂದ ಸುಣ್ಣ ಅಳಿಸಿ, ನೆಲದಿಂದ ಒಂದಡಿ ಎತ್ತರಕ್ಕೆ, ಎರಡಡಿ ಎತ್ತರದ ಉದ್ದನೆಯ ಕಿಟಕಿಗೆ ಗುರುತು ಮಾಡಿದೆ. ದಪ್ಪ ಗೋಡೆಯಾದ್ದರಿಂದ ಅದರ ಹಲಗೆಯ ಮೇಲೆ ಮಕ್ಕಳು ಮಲಗುವಷ್ಟು ಜಾಗ ಸಿಗುತ್ತದೆ ಎಂದು ಅಪ್ಪ ಗೇಣು ಹಾಕಿ ತೋರಿಸಿದ.

ಅಜ್ಜ ಸುತ್ತ ನೋಡುತ್ತ ಕೂತಿದ್ದರು. ಆಮೇಲೆ ತಾವಾಗಿಯೇ ಮಾತು ತೆಗೆದರು. “ನಮ್ಮ ಸಂಸಾರ ಅಂದ್ರ ಒಂದ ಕುದರಿ ಹೊರೂವಷ್ಟ. ಎರಡ ಪಾತೇಲಿ, ಒಂದ ಹಂಚು, ಕಂಬಳಿ, ಕೂಸಿನ ಜೋಳಗಿ. ಬಿಚ್ಚಿದ್ರ ಮನಿ, ಕಟ್ಟಿದ್ರ ಹಾದಿ. ಇವರವ್ವ ಇದ್ದಾಗ ಆ ಬಯಲೂ ಬೆಚ್ಚಗ ಇರ್ತಿತ್ತು.”

“ಅದನ್ನ ಕೇಳಾಕತ್ತೇವ್ರಿ ಮಾವಾರ, ನಾವೂ,” ಎಂದಳು ಸೊಸೆ, ಮೆಲ್ಲಗೆ.

ಅವರು ಎದ್ದು ಮುಂದಿನ ಕಟ್ಟೆಯ ಗೆರೆಯ ಹತ್ತಿರ ಹೋಗಿ ನಿಂತರು.

“ಈ ಕಟ್ಟಿ ಎಷ್ಟುದ್ದ?”

“ಹನ್ನೆರಡ ಫೂಟ ರೀ. ಹಾದಿಗೆ ಹೋಗೂ ಮಂದಿ ನಿಂತ ನೋಡೂದ್ಯಾಕ ಕಾಕಾ, ಬಂದ ಕುಂತ ನೋಡ್ಲಿ.”

ಅವರ ಮೀಸೆಯ ಕೆಳಗೆ ಮೊದಲ ಸಲ ನಗು ಕಾಣಿಸಿತು. “ಇಪ್ಪತ್ತ ಮಾಡು,” ಎಂದರು. ಮನೆಗೆ ಒಪ್ಪಿಗೆ ಸಿಕ್ಕಿದ್ದು ಹಾಗೆ.

ಕಟ್ಟುವ ಕೆಲಸವನ್ನು ಮೂಡಲಗಿಯ ಒಬ್ಬ ಮೇಸ್ತ್ರಿ ಹಿಡಿದ. ಚಲೋ ಕೆಲಸಗಾರ, ಸ್ವಲ್ಪ ಅವಸರದವ. ಗೋಡೆ ನೆಟ್ಟಗೆ ಎದ್ದವು, ಛತ್ತು ಬಿತ್ತು, ಬೆಳಕಿಂಡಿಗೆ ಗಾಜು ಕೂತಿತು. ತೊಡಕು ಶುರುವಾದದ್ದು ಸುಣ್ಣದ ಗಾರೆಯಲ್ಲಿ. ಸಿಮೆಂಟಿನ ಗಿಲಾವು, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಪೇಂಟು ಬೇಡ, ಗೋಡೆ ಉಸಿರಾಡಬೇಕು ಎಂದು ನಾನು ಹಟ ಹಿಡಿದಿದ್ದೆ. ಮೇಸ್ತ್ರಿಗೆ ಅದು ಒಗ್ಗದ ಕೆಲಸ. ಬೇಸಿಗೆಯ ನಡುವೆ ಪಡಸಾಲೆಯ ದೊಡ್ಡ ಗೋಡೆಗೆ ಗಾರೆ ಹಚ್ಚಿದರು. ನಾಲ್ಕನೆಯ ದಿನ ಹೋಗಿ ನೋಡಿದರೆ ಗೋಡೆಯ ತುಂಬ ಬಿರುಕು, ಒಣಗಿದ ಕೆರೆಯ ತಳದ ಹಾಗೆ.

“ನಾ ಮೊದಲ ಹೇಳಿದ್ದೆ, ಮೇಡಮ್ಮಾರ,” ಎಂದ ಮೇಸ್ತ್ರಿ. “ಇದು ಹಳೇ ಕಾಲದ್ದು. ಈಗ ನಡ್ಯಾಂಗಿಲ್ಲ. ಸಿಮೆಂಟ್ ಹೊಡದ ಬಿಡೂನು.”

ಸಂಬಂಧಿಕರಲ್ಲಿ ಒಬ್ಬರು ಅಂದೇ ಬಂದು ನೋಡಿ ಹೋದರು. ಗೋದಾಮಿನ ಗೋಡೆ ಒಡೆದಿದೆ ಎಂಬ ಮಾತು ಸಂಜೆಯೊಳಗೆ ನನ್ನ ಕಿವಿಗೇ ಬಂತು. ನರ್ಸ್ ಮಾತ್ರ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದಳು: “ಅಕ್ಕಾರ, ನಿಮಗ ಭರೋಸಾ ಐತೇನ್ರಿ?” ಐತಿ ಎಂದೆ.

ಅಪ್ಪನನ್ನು ಕರೆದುಕೊಂಡು ಹೋದೆ. ಅವನು ಗೋಡೆಗೆ ಅಂಗೈ ಇಟ್ಟ, ಉಗುರಿನಿಂದ ಕೆರೆದ, ಉದುರಿದ ಪುಡಿಯನ್ನು ನಾಲಿಗೆಯ ತುದಿಗೆ ಹಚ್ಚಿಕೊಂಡು ಉಗಿದ.

“ಸುಣ್ಣದ್ದ ತಪ್ಪಿಲ್ಲ. ನೀರಾಗ ನೆನಿಯಾಕ ಬಿಟ್ಟಿಲ್ಲ ಇವರು. ಬಿಸಲಾಗ ಹಚ್ಚಿ, ಹಂಗ ಒಣಗಾಕ ಬಿಟ್ಟಾರ. ಕೆತ್ತಿ ತಗೀಬೇಕು.”

ಮೇಸ್ತ್ರಿಗೆ ಸಿಟ್ಟು ಬಂತು. “ಹಂಗಾದ್ರ ನೀವ ಮಾಡ್ರಿ,” ಎಂದು ಗಾರೆ ಬಳಿಯುವ ಕರಣಿ ಕೆಳಗಿಟ್ಟು ತನ್ನ ಆಳುಗಳನ್ನು ಕರೆದುಕೊಂಡು ಹೋದ.

ಅಪ್ಪ ಆ ಕರಣಿಯನ್ನು ಮುಟ್ಟಲಿಲ್ಲ. ಮರುದಿನ ಮನೆಯಿಂದ ತನ್ನದನ್ನೇ ತಂದ. ಅದರ ಹಿಡಿಕೆ ಅವನ ಬೆರಳಿನ ಅಚ್ಚಿಗೆ ಸವೆದು ಹೋಗಿತ್ತು. ಹಿಂದೆ ಅವನ ಜೊತೆ ಕೆಲಸ ಮಾಡಿದ್ದ ಇಬ್ಬರು ಹೆಂಗಸರನ್ನು ಕರೆತಂದ. ಸುಣ್ಣ ಹದ ಮಾಡುವುದು ಅವರಿಗೆ ಗೊತ್ತಿತ್ತು. ಬೇವಿನ ಮರದ ನೆರಳಿನಲ್ಲಿ ಗುಂಡಿ ತೆಗೆದು ಸುಣ್ಣ ನೆನೆಹಾಕಿದರು. ಮೂರು ವಾರ ಅದನ್ನು ಕಲಕುವುದು, ಸೋಸುವುದು, ಮತ್ತೆ ಮುಚ್ಚುವುದು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಗಾರೆ ಬೆಣ್ಣೆಯಂತಾದಾಗ ಅಪ್ಪ ಬೆರಳಿಗೆ ತೆಗೆದು ನನಗೆ ತೋರಿಸಿದ. ಬಿಸಿಲೇರುವ ಮೊದಲು ಹಚ್ಚುವುದು, ಆಮೇಲೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ಗೋಡೆಯನ್ನು ತಂಪಾಗಿಡುವುದು. ಬಲಭುಜ ಏಳದಿದ್ದಾಗ ಎಡಗೈಯಿಂದ ಬಲಮೊಳಕೈಯನ್ನು ಎತ್ತಿ ಹಿಡಿದು ಗೋಡೆ ಸವರುತ್ತಿದ್ದ. ಬೇಡ ಅಪ್ಪಾ ಎಂದರೆ ಕೇಳುತ್ತಿರಲಿಲ್ಲ.

ಕುರಿ ಕಾಯುವ ಅಜ್ಜ ದಿನಾ ಹಿಂಡು ಹೊಡೆದುಕೊಂಡು ಹೋಗುವಾಗ ಅರ್ಧ ಗಂಟೆ ನಿಂತು ನೋಡುತ್ತಿದ್ದರು. ಮೊದಮೊದಲು ಬಾಗಿಲಲ್ಲಿ, ಆಮೇಲೆ ಒಳಗೆ, ಆಮೇಲೆ ನೀರಿನ ಬಕೆಟ್ಟು ಎತ್ತಿ ಕೊಡುವಷ್ಟು ಹತ್ತಿರದಲ್ಲಿ. ಅಪ್ಪನೂ ಅವರೂ ಮಾತಾಡಿದ್ದು ಕಡಿಮೆ. ಒಂದು ದಿನ ಮೇಸ್ತ್ರಿಯೂ ಬಂದ. ಮುಗಿದ ಗೋಡೆಯ ಮೇಲೆ ಅಂಗೈ ಆಡಿಸಿದ. ಒಂದು ಬಿರುಕಿಲ್ಲ, ಬೆಳಕಿಂಡಿಯ ಬಿಸಿಲು ಬಿದ್ದರೆ ಗೋಡೆ ಒಳಗಿನಿಂದಲೇ ಮಿನುಗುತ್ತಿತ್ತು.

“ಹೆಂಗ ಮಾಡಿದ್ರಿ ಕಾಕಾ?” ಎಂದ, ಸೋತ ದನಿಯಲ್ಲಲ್ಲ, ಕಲಿಯುವವನ ದನಿಯಲ್ಲಿ.

“ಬಾ, ಇನ್ನೊಂದ ಖೋಲಿ ಉಳದೈತಿ. ನೀ ಹಚ್ಚು, ನಾ ಹೇಳ್ತೇನಿ,” ಎಂದ ಅಪ್ಪ. ಮಕ್ಕಳು ಮಲಗುವ ಕೋಣೆಯನ್ನು ಮೇಸ್ತ್ರಿ ತನ್ನ ಕೈಯಾರೆ ಮಾಡಿದ. ಇಂದಿಗೂ ಮನೆ ಕಟ್ಟಿಸುವವರನ್ನು ಕರೆತಂದರೆ ಅವನು ಮೊದಲು ತೋರಿಸುವುದು ಆ ಕೋಣೆಯನ್ನೇ.

ಮಳೆಗಾಲ ಕಳೆದ ಮೇಲೆ ಗೃಹಪ್ರವೇಶ. ಹುಕ್ಕೇರಿಯಿಂದ ಸೊಸೆಯ ತವರಿನವರು, ಸುತ್ತಲ ಹಳ್ಳಿಗಳ ಬೀಗರು, ಆಸ್ಪತ್ರೆಯ ಗೆಳತಿಯರು ಬಂದಿದ್ದರು. ಒಳಗೆ ಶೋಕೇಸಿಲ್ಲ, ಸೋಫಾ ಇಲ್ಲ. ಮೊದಲು ಎಲ್ಲರೂ ಏನನ್ನೋ ಹುಡುಕುವವರಂತೆ ಅತ್ತಿತ್ತ ನೋಡಿದರು. ಆಮೇಲೆ ನಿಧಾನವಾಗಿ ಫರ್ಸಿಯ ಮೇಲೆ ಕೂತರು, ಗೋಡೆಗೆ ಒರಗಿದರು, ಕಾಲು ಚಾಚಿದರು. ತಗ್ಗಿನ ಕಿಟಕಿಯ ಹಲಗೆಯ ಮೇಲೆ ಮೂರು ಕೂಸುಗಳು ಸಾಲಾಗಿ ನಿದ್ದೆ ಹೋದವು. ಅಜ್ಜ ಹೊಸ ಕಂಬಳಿಯೊಂದನ್ನು ನೇಯಿಸಿ ತಂದಿದ್ದರು. ಪಡಸಾಲೆಯಲ್ಲಿ ಹಾಸಬೇಕೆಂಬ ಆಸೆ ಅವರಿಗೆ. “ಮಾವಾರ, ಉಣ್ಣಿ ಕಂಬಳಿ ಒಳಗ ಬ್ಯಾಡ್ರಿ, ಇಕಿ ದಮ್ಮಿಗೆ ಆಗೂದಿಲ್ಲ,” ಎಂದಳು ಸೊಸೆ. ಅವರು ಅದನ್ನು ಹೊರಗಿನ ಕಟ್ಟೆಯ ಮೇಲೆ ಹಾಸಿ, ಸುಕ್ಕು ತೆಗೆದು, ಎಲ್ಲರಿಗೂ ಕಾಣುವ ಹಾಗೆ ನಡುವೆ ಕೂತರು.

ಊಟದ ಹೊತ್ತಿಗೆ ಅಪ್ಪ ಕಾಣಲಿಲ್ಲ. ನನಗೆ ಗೊತ್ತಿತ್ತು ಎಲ್ಲಿದ್ದಾನೆಂದು. ಅವನು ಕಟ್ಟಿದ ಎಷ್ಟೋ ಮನೆಗಳ ಗೃಹಪ್ರವೇಶದ ದಿನ ಅವನ ಎಲೆ ಹಿತ್ತಲಲ್ಲಿ ಬಿದ್ದಿದೆ. ಚಿಕ್ಕವಳಿದ್ದಾಗ ನಾನೂ ಅವನ ಪಕ್ಕದಲ್ಲಿ ದನದ ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ಹೋಳಿಗೆ ಉಂಡಿದ್ದೇನೆ. ಆ ಅಭ್ಯಾಸ ಅವನನ್ನು ತಾನಾಗಿಯೇ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿತ್ತು. ನಾನು ಎದ್ದು ಹೋಗುವಷ್ಟರಲ್ಲಿ ಅಜ್ಜನ ದನಿ ಕೇಳಿತು.

“ಗೌಂಡ್ಯಾರ ಎಲ್ಲೆದಾರ?”

ಯಾರೋ ಹಿತ್ತಲ ಕಡೆ ಕೈ ತೋರಿಸಿದರು. ಅವರು ಹಿತ್ತಲಿಗೆ ಹೋದರು. ಅಪ್ಪನ ಕೈ ಹಿಡಿದುಕೊಂಡು, ಹಿತ್ತಲ ಬಾಗಿಲಿನಿಂದಲ್ಲ, ಮನೆಯ ಸುತ್ತ ನಡೆಸಿಕೊಂಡು ಬಂದು, ಮುಂದಿನ ಬಾಗಿಲಿನಿಂದಲೇ ಒಳಗೆ ಕರೆತಂದರು. ಬೆಳಕಿಂಡಿಯ ಕೆಳಗೆ, ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು.

“ಗ್ವಾಡಿ ಕಟ್ಟಿದಾವ ಹೊರಗ ಕುಂತು, ನಾವು ಒಳಗ ಕುಂತ ಉಣ್ಣೂದಂದ್ರ ಹೆಂಗ?”

ಸಾಲಿನ ತುದಿಯಲ್ಲಿ ಇಬ್ಬರು ಪಿಸುಗುಟ್ಟಿದರು. ಒಬ್ಬರು ಎಲೆಯ ಮುಂದಿನಿಂದ ಅರ್ಧ ಎದ್ದರು. ಅಜ್ಜ ಅತ್ತ ತಿರುಗಿ, ದನಿ ಏರಿಸದೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು: “ಯಾರಿಗೆ ಇಲ್ಲೆ ಇಕ್ಕಟ್ಟ ಆಗತೈತೋ ಅವರು ಹೊರಗ ಕಟ್ಟಿ ಮ್ಯಾಲೆ ಕುಂದರ್ರಿ. ಇಪ್ಪತ್ತ ಫೂಟ ಐತಿ. ಜಾಗಾ ಸಾಲತೈತಿ.”

ಯಾರೂ ಹೋಗಲಿಲ್ಲ. ಅರ್ಧ ಎದ್ದವರು ಮತ್ತೆ ಕೂತರು. ಸೊಸೆ ಮೊದಲ ಹೋಳಿಗೆಯನ್ನು ಅಪ್ಪನ ಎಲೆಗೆ ಬಡಿಸಿ ತುಪ್ಪ ಹಾಕಿದಳು. ಅಪ್ಪ ತುತ್ತು ಮುರಿಯದೆ ಒಂದಷ್ಟು ಹೊತ್ತು ಗೋಡೆಯನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿದ್ದವು. ನನ್ನವೂ. ಅಷ್ಟು ಹೆಮ್ಮೆಯಿಂದ ನಾನು ಯಾವ ಮನೆಯಲ್ಲೂ ಉಂಡಿಲ್ಲ.

ಬೇಸಿಗೆ ಬಂದಾಗ ನರ್ಸ್ ಒಂದು ಮಧ್ಯಾಹ್ನ ಫೋನು ಮಾಡಿದಳು. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಕೂಲರ್ ಇಲ್ಲದೆ ಬರೀ ಫ್ಯಾನಿನ ಗಾಳಿಯಲ್ಲೇ ಮಕ್ಕಳು ಮಲಗಿದ್ದಾರೆ ಎಂದಳು. “ಮನಿಯಿಂದನ ದಮ್ಮ ಹೋತು ಅಂತ ನಾ ಅನ್ನಾಂಗಿಲ್ರಿ, ನಾ ದವಾಖಾನ್ಯಾಗ ಕೆಲಸಾ ಮಾಡಾಕಿ. ಔಷಧ ಚಾಲೂ ಐತಿ. ಖರೆ, ಮೊದಲಿನಂಗ ವಾರಾ ವಾರಾ ಎದಿ ಹಿಡಕೊಂಡ ಓಡೂದು ತಪ್ಪೈತಿ. ರಜಾ ಇದ್ದಾಗ ನಾ ಈಗ ಒರಸ್ಕೋತ ಕುಂದ್ರಾಂಗಿಲ್ಲ, ಹುಡುಗ್ರ ಜೋಡಿ ಧುಪದಾಳ ಡ್ಯಾಮಿಗೆ ನೀರ ನೋಡಾಕ ಹೋಗ್ತೇನಿ.”

ಆಮೇಲೆ ಮನೆ ನೋಡಲು ಜನ ಬರತೊಡಗಿದರು. ನನ್ನ ಆಫೀಸಿಗೂ ಬಂದರು. ಕಂಬ ಬೇಕೆನ್ನುವವರು ಇನ್ನೂ ಇದ್ದಾರೆ, ಅವರಿಗೂ ಬಿಡಿಸಿ ಕೊಡುತ್ತೇನೆ. ಆದರೆ ಮೊದಲು ನೆಲದ ಮೇಲೆ ಸುಣ್ಣ ಎಳೆದು ಒಂದು ದಿನ ಅಲ್ಲಿರಿ ಎನ್ನುತ್ತೇನೆ. ಕಳೆದ ತಿಂಗಳು ಕಣಗಲಾದಿಂದ ಶಾಲೆಯ ಮಾಸ್ತರರೊಬ್ಬರು, ಅವರ ಹೆಂಡತಿ ಬಂದರು. ಹೆದ್ದಾರಿಯ ಹತ್ತಿರ ಅವರ ಜಾಗ. ಹಗಲೆಲ್ಲ ಲಾರಿಯ ಸದ್ದು. ಅಲ್ಲಿ ಶಾಂತವಾದ ಮನೆಯೊಂದು ಆಗುತ್ತದೆಯೇ ಎಂಬುದು ಅವರ ಪ್ರಶ್ನೆ. ನನಗೂ ಉತ್ತರ ಗೊತ್ತಿರಲಿಲ್ಲ. ಅವರನ್ನು ಮೂಡಲಗಿಗೆ ಕರೆದುಕೊಂಡು ಹೋದೆ.

ನಾವು ಹೋದಾಗ ಶಾಲೆ ಬಿಟ್ಟಿತ್ತು. ಆ ಮನೆಯ ಮಗಳು ಐದಾರು ಗೆಳತಿಯರನ್ನು ಕಟ್ಟಿಕೊಂಡು ಬಂದಿದ್ದಳು. ಅವರಿಗೆ ಮನೆ ತೋರಿಸುವ ಜವಾಬ್ದಾರಿ ಅವಳದು. ಒಬ್ಬ ಹುಡುಗಿ ಬಾಗಿಲಲ್ಲೇ ನಿಂತು, “ನಿಮ್ಮ ಮನ್ಯಾಗ ಏನೂ ಇಲ್ಲಲ್ಲ,” ಎಂದಳು.

“ಹೌದು, ಏನೂ ಇಲ್ಲ. ಓಡಬಹುದು,” ಎಂದು ಇವಳು ಹೇಳಿದವಳೇ ಬಾಗಿಲಿನಿಂದ ಆ ತುದಿಯ ಕಿಟಕಿಯವರೆಗೆ ಒಂದೇ ಉಸಿರಿಗೆ ಓಡಿದಳು. ಉಳಿದವರೂ ಹಿಂದೆ ಓಡಿದರು. ತಾಯಿ ಒಲೆಯ ಮುಂದೆ ಚಹಾಕ್ಕೆ ಇಟ್ಟಿದ್ದಳು. ಕುತ್ತಿಗೆ ತಿರುಗಿಸಿ ನೋಡಿದಳು, ಬೇಡ ಎನ್ನಲಿಲ್ಲ. ಕಣಗಲಾದ ಮಾಸ್ತರರ ಹೆಂಡತಿ ಗೋಡೆಗೆ ಒರಗಿ ಕೂತು, ಚೀಲದಿಂದ ವಹಿ ತೆಗೆದು, ತನಗೆ ಬೇಕಾದದ್ದನ್ನು ಬರೆಯತೊಡಗಿದಳು.